ಹಿನ್ನೀರಿನ ಮಕ್ಕಳ ಕೈಗೆ ಹಾಯಿಹಗ್ಗ

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಶರಾವತಿ ಹಿನ್ನೀರಿನ ಮೇಲೆ 2.44 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡ ಈ ಸೇತುವೆಗಾಗಿ ಕರೂರು, ಬಾರಂಗಿ ಹೋಬಳಿಗಳ ಜನ ದಶಕಗಳ ಕಾಲ ಕಾದಿದ್ದರು. ಹೆರಿಗೆ ನೋವು ಕಾಣಿಸಿಕೊಂಡ ಹೆಣ್ಣುಮಗಳನ್ನು ಕರೆದುಕೊಂಡು ಹೊಳೆಬಾಗಿಲಿನ ದಡದಲ್ಲಿ ಲಾಂಚಿಗೆ ಕಾಯುವ ಸಂಕಟ, ಬೇಸಿಗೆಯಲ್ಲಿ ನೀರು ಇಳಿದಾಗ ವಾಹನ ದಾಟಿಸಲಾಗದ ಪರದಾಟ, ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಸಾಗರದಲ್ಲೇ ಉಳಿಯಬೇಕಾದ ಪಾಡು ಇವೆಲ್ಲ ತಪ್ಪಿದವು. ಸೇತುವೆ ಬೇಕಿತ್ತು, ಬಂತು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಅದೇ ದಿನ ಇನ್ನೊಂದು ಬದಲಾವಣೆಯೂ ಆಯಿತು. ಹಿನ್ನೀರಿನಾಚೆಯ ತುಮರಿ ಭಾಗದ ಮಕ್ಕಳು ಕಾಲೇಜಿಗೆ, ಆಸ್ಪತ್ರೆಗೆ, ಸಂತೆಗೆ ಹೋಗಬೇಕಾದರೆ ನೀರಿನ ಮೇಲೆ ಹೋಗಲೇಬೇಕಿತ್ತು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಅಲೆ ಎಷ್ಟಿದೆ, ಲಾಂಚ್ ದಡಕ್ಕೆ ಹತ್ತುವಾಗ ಎಲ್ಲಿ ನಿಲ್ಲಬೇಕು ಎಂಬುದು ಅವರಿಗೆ ಯಾರೂ ಹೇಳಿಕೊಡದೆ ಬಂದ ವಿದ್ಯೆ. ಇನ್ನು ಮುಂದೆ ಹುಟ್ಟುವ ಮಗು ಬಸ್ಸಿನ ಕಿಟಕಿಯಿಂದ ಹಿನ್ನೀರು ನೋಡುತ್ತದೆ. ನೀರು ಅಲ್ಲೇ ಇರುತ್ತದೆ, ಅದರ ಒಡನಾಟ ಮಾತ್ರ ಇರುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮಕ್ಕಳಿಗೆ ಹಾಯಿದೋಣಿ ನಡೆಸುವುದನ್ನು ಕಲಿಸುವ ಒಂದು ಶಾಲೆ ಈ ಹಿನ್ನೀರಿನ ದಡದಲ್ಲಿ ಬೇಕು, ಅದೂ ಈಗಲೇ ಬೇಕು ಎಂದು ನಾನು ಹೇಳುತ್ತಿರುವುದು ಈ ಕಾರಣಕ್ಕೆ.

ಅಡಿಕೆ ತೋಟದ ಮಗುವಿಗೂ ಹಾಯಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಶರಾವತಿಯ ಹರಿವನ್ನು ನೋಡಿದರೆ ಸಾಕು. ಅವಳು ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ತಾಲ್ಲೂಕನ್ನು ಹಾದು, ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಕಟ್ಟೆಗೆ ಸಿಕ್ಕಿ, ಜೋಗದಲ್ಲಿ ಧುಮುಕಿ, ಗೇರುಸೊಪ್ಪೆಯ ಕಣಿವೆಯಲ್ಲಿ ಇಳಿದು ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ಒಟ್ಟು 128 ಕಿಲೋಮೀಟರ್. ಈ ಮೂರೂ ತಾಲ್ಲೂಕುಗಳನ್ನು ಹಾಯಿಹಡಗುಗಳ ಹಳೆಯ ಬಂದರಿಗೆ ಜೋಡಿಸಿದ್ದು ಇದೇ ಹೊಳೆ.

ಕೆಳದಿ ಅರಸರ ಚರಿತ್ರೆಯನ್ನೂ ಹೀಗೇ ಓದಬೇಕು. ಕೆಳದಿ, ಇಕ್ಕೇರಿ ಸಾಗರ ತಾಲ್ಲೂಕಿನಲ್ಲಿವೆ. ಬಿದನೂರು, ಅಂದರೆ ಇಂದಿನ ನಗರ, ಹೊಸನಗರ ತಾಲ್ಲೂಕಿನಲ್ಲಿದೆ. ಕವಲೇದುರ್ಗ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ರಾಜಧಾನಿಗಳೂ ಕೋಟೆಗಳೂ ಘಟ್ಟದ ಮೇಲೆ, ಬೊಕ್ಕಸ ತುಂಬಿಸುವ ಬಂದರುಗಳು ಘಟ್ಟದ ಕೆಳಗೆ. ಮೆಣಸು ಹೇರೆತ್ತುಗಳ ಮೇಲೆ ಘಾಟಿ ಇಳಿಯುತ್ತಿತ್ತು. ಕರಾವಳಿಯ ಅಕ್ಕಿ ಬಸರೂರು, ಹೊನ್ನಾವರ, ಮಂಗಳೂರುಗಳಿಂದ ಹಡಗು ಹತ್ತಿ ಗೋವೆಗೂ ದೂರದ ಮಸ್ಕತ್ತಿಗೂ ಹೋಗುತ್ತಿತ್ತು. ಆ ವ್ಯಾಪಾರವನ್ನು ತಮ್ಮ ಮುಷ್ಟಿಯಲ್ಲಿಟ್ಟುಕೊಳ್ಳಲು ಪೋರ್ಚುಗೀಸರು ಕರಾವಳಿಯಲ್ಲಿ ಕೋಟೆ ಕಟ್ಟಿದರು. 1650ರ ದಶಕದಲ್ಲಿ ಶಿವಪ್ಪ ನಾಯಕ ಆ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡ. ಮಲೆಯಲ್ಲಿ ಕುಳಿತವರು ಕಡಲಿನ ಗಾಳಿಯ ಮೇಲೆ ಕಣ್ಣಿಟ್ಟೇ ರಾಜ್ಯ ಆಳಿದರು.

ಆ ನಂಟು ಈಚೆಗೆ ಅನಿರೀಕ್ಷಿತವಾಗಿ ಮತ್ತೆ ಕಾಣಿಸಿಕೊಂಡಿತು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹಾಯಿಹಡಗು ನೌಕಾಪಡೆಗೆ ಸೇರಿತು. ಐದನೇ ಶತಮಾನದ ಅಜಂತಾ ಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು ಕೇರಳದ ಕುಶಲಕರ್ಮಿಗಳು ಕಟ್ಟಿದ ಹಡಗು ಇದು. ಹಲಗೆಗೆ ಹಲಗೆಯನ್ನು ಮೊಳೆ ಹೊಡೆದು ಕೂಡಿಸಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಅದರ ಹಾಯಿಯ ಮೇಲಿರುವ ಚಿತ್ರಗಳಲ್ಲಿ ಒಂದು ಸೂರ್ಯನದು, ಇನ್ನೊಂದು ಗಂಡಭೇರುಂಡದ್ದು. ಕೆಳದಿಯ ದೇವಸ್ಥಾನದ ಛಾವಣಿಯಲ್ಲಿ ಕೊರೆದ ಗಂಡಭೇರುಂಡವನ್ನು ಸಾಗರದ ಮಕ್ಕಳು ಶಾಲಾ ಪ್ರವಾಸದಲ್ಲಿ ಕತ್ತೆತ್ತಿ ನೋಡಿ ಬರುತ್ತಾರೆ. ಅದೇ ಹಕ್ಕಿಯನ್ನು ಹಾಯಿಯ ಮೇಲೆ ಹೊತ್ತ ಈ ಹಡಗು 2025ರ ಡಿಸೆಂಬರ್ ಕೊನೆಯಲ್ಲಿ ಪೋರಬಂದರಿನಿಂದ ಹೊರಟು ಹೊಸ ವರ್ಷದ ಜನವರಿಯಲ್ಲಿ ಮಸ್ಕತ್ ಮುಟ್ಟಿತು. ಕೆಳದಿಯ ಕಾಲದಲ್ಲಿ ನಮ್ಮ ಅಕ್ಕಿ ಇಳಿಯುತ್ತಿದ್ದ ಅದೇ ಊರು.

ಹಾಯಿಹಡಗಿನಲ್ಲಿ ಎಳೆಯರು ಕಲಿಯುವುದಾದರೂ ಏನು? ಎಂಜಿನ್ ಇರುವ ಕಾಲದಲ್ಲಿ ನೌಕಾಪಡೆಗಳು ಇನ್ನೂ ಹಾಯಿಹಡಗು ಇಟ್ಟುಕೊಂಡಿರುವುದೇಕೆ? ನಮ್ಮ ನೌಕಾಪಡೆಯ ‘ತರಂಗಿಣಿ’ 1997ರಲ್ಲಿ ಸೇವೆಗೆ ಸೇರಿತು. ಕಟ್ಟಿದ್ದು ಗೋವಾ ಶಿಪ್‌ಯಾರ್ಡ್. 54 ಮೀಟರ್ ಉದ್ದ, ಮೂರು ಕೂವೆಮರ, 20 ಹಾಯಿ. 2003–04ರಲ್ಲಿ ಅದು ಭೂಮಿಯನ್ನೇ ಸುತ್ತಿ ಬಂತು. ಅದರ ಜೊತೆಗಾತಿ ‘ಸುದರ್ಶಿನಿ’ 2012ರಲ್ಲಿ ಬಂತು. ಇವೆರಡೂ ಯುದ್ಧಕ್ಕಲ್ಲ, ಕಲಿಸುವುದಕ್ಕಷ್ಟೇ ಇರುವ ಹಡಗುಗಳು. ನಾಳೆ ಕ್ಷಿಪಣಿ ಹೊತ್ತ ನೌಕೆ ನಡೆಸಬೇಕಾದ ತರುಣರನ್ನು ಮೊದಲು ಇಲ್ಲಿ ಹಗ್ಗ ಎಳೆಯಲು ಹಚ್ಚುತ್ತಾರೆ. ಗುಂಡಿ ಒತ್ತಿದರೆ ಓಡುವ ಹಡಗಿನಲ್ಲಿ ಕಡಲು ಕಾಣುವುದಿಲ್ಲ, ಬರೀ ಪರದೆ ಕಾಣುತ್ತದೆ. ಹಾಯಿಹಡಗಿನಲ್ಲಿ ಗಾಳಿ ತಿರುಗಿದರೆ ಮೊದಲು ಕೆನ್ನೆಗೆ ಗೊತ್ತಾಗುತ್ತದೆ, ಆಮೇಲೆ ಕೈಗೆ, ಕೊನೆಗೆ ಲೆಕ್ಕಕ್ಕೆ.

ಮೊದಲ ಪಾಠ ಗಂಟು. ಬೋಲೈನ್ ಎಂಬ ಗಂಟೊಂದಿದೆ. ಹಗ್ಗದಲ್ಲಿ ಒಂದು ಸಣ್ಣ ಕುಣಿಕೆ ಮಾಡಿ, ತುದಿಯನ್ನು ಕೆಳಗಿನಿಂದ ಅದರೊಳಕ್ಕೆ ತಂದು, ಉದ್ದ ಹಗ್ಗದ ಹಿಂಬದಿಯಿಂದ ಸುತ್ತಿಸಿ, ಮತ್ತೆ ಅದೇ ಕುಣಿಕೆಯೊಳಕ್ಕೆ ಇಳಿಸಿ ಎಳೆಯಬೇಕು. ಎಷ್ಟು ಭಾರ ಬಿದ್ದರೂ ಜಾರುವುದಿಲ್ಲ. ಭಾರ ಇಳಿದ ಮೇಲೆ ಹೆಬ್ಬೆರಳಿನಿಂದ ನೂಕಿದರೆ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ದನ ಕಟ್ಟುವ ಮನೆಯ ಮಗು ಜೀರುಗುಣಿಕೆ ಬಲ್ಲದು. ಅದು ಎಳೆದಷ್ಟೂ ಬಿಗಿಯುತ್ತದೆ. ಹಾಗಾಗಿ ಮನುಷ್ಯನ ಸೊಂಟಕ್ಕೆ ಅದನ್ನು ಹಾಕಿ ನೀರಿನಿಂದ ಎಳೆಯಬಾರದು, ಅದಕ್ಕೆ ಬೋಲೈನ್ ಬೇಕು. ಯಾವ ಕೆಲಸಕ್ಕೆ ಯಾವ ಗಂಟು ಎಂಬ ಈ ತಿಳಿವಳಿಕೆ ಹತ್ತು ವರ್ಷದ ಮಗುವಿನ ಬೆರಳಿಗೆ ಹತ್ತಿತೆಂದರೆ ಜೀವಮಾನವಿಡೀ ಉಳಿಯುತ್ತದೆ, ಒಮ್ಮೆಯಾದರೂ ಯಾರದಾದರೂ ಜೀವ ಉಳಿಸಬಹುದು.

ಎರಡನೆಯದು ಕೂವೆಮರ ಹತ್ತುವುದು. ಇದನ್ನು ಮಲೆನಾಡಿನ ಮಗುವಿಗೆ ವಿವರಿಸಲು ಕಷ್ಟವಿಲ್ಲ, ಅಡಿಕೆ ಕೊಯ್ಯುವ ಕೊನೆಗೌಡನನ್ನು ತೋರಿಸಿದರಾಯಿತು. ಕಾಲಿಗೆ ತಳೆ ಹಾಕಿಕೊಂಡು ಅಡಿಕೆ ಮರದ ತುದಿಗೆ ಏರಿ, ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟಿ, ಕೊನೆ ಕೊಯ್ದು ನೇಣಿನ ಗುಂಟ ಕೆಳಗೆ ಬಿಡುತ್ತಾನೆ. ಕೆಳಗೆ ನೇಣು ಹಿಡಿದವನು ಅದನ್ನು ನೆಲಕ್ಕೆ ಬಡಿಯದಂತೆ ಇಳಿಸಿಕೊಳ್ಳುತ್ತಾನೆ. ಮೇಲಿನವನ ಕೆಲಸ ಕೆಳಗಿನವನ ಕೈಯಲ್ಲಿದೆ, ಕೆಳಗಿನವನ ತಲೆ ಮೇಲಿನವನ ಕೈಯಲ್ಲಿದೆ. ಹಾಯಿಹಡಗಿನಲ್ಲೂ ಹೀಗೆಯೇ. ಅಡ್ಡಮರದ ಕೆಳಗೆ ಕಟ್ಟಿದ ಹಗ್ಗದ ಮೇಲೆ ಕಾಲೂರಿ, ಸೊಂಟದ ಪಟ್ಟಿಯನ್ನು ಭದ್ರವಾಗಿ ಸಿಕ್ಕಿಸಿ, ನಾಲ್ಕಾರು ಜನ ಒಟ್ಟಿಗೆ ಹಾಯಿ ಸುತ್ತುತ್ತಾರೆ. ಒಂದು ಕೈ ಹಡಗಿಗೆ, ಇನ್ನೊಂದು ಕೈ ನಿನಗೆ ಎಂಬುದು ಅಲ್ಲಿನ ಹಳೆಯ ನಿಯಮ. ಕೆಲಸ ಮಾಡು, ಆದರೆ ನಿನ್ನನ್ನು ನೀನು ಹಿಡಿದುಕೊಂಡಿರು ಎಂದು ಅದರ ತಾತ್ಪರ್ಯ.

ಮೂರನೆಯದು ಸರದಿ. ರಾತ್ರಿಯಾದರೂ ಹಡಗು ನಿಲ್ಲುವುದಿಲ್ಲ. ಎಲ್ಲರೂ ತಂಡಗಳಾಗಿ ಸರದಿಯಲ್ಲಿ ಎಚ್ಚರವಿರಬೇಕು. ಒಬ್ಬ ಚುಕ್ಕಾಣಿ ಹಿಡಿದರೆ ಇನ್ನೊಬ್ಬ ಮುಂದೆ ನಿಂತು ದಾರಿ ನೋಡುತ್ತಾನೆ. ಅಪ್ಪಣೆ ಬಂದಾಗ ಕೇಳಿಸಿಕೊಂಡವನು ಅದನ್ನು ಗಟ್ಟಿಯಾಗಿ ಮರಳಿ ಹೇಳಬೇಕು. ಹೇಳಿದ್ದು ಕೇಳಿಸಿದೆ, ಸರಿಯಾಗಿ ಕೇಳಿಸಿದೆ ಎಂಬುದು ಎಲ್ಲರಿಗೂ ಗೊತ್ತಾಗಬೇಕು.

ಈ ರೀತಿಯ ಕಲಿಕೆ ನಮ್ಮ ಘಟ್ಟಕ್ಕೆ ಹೊಸದಲ್ಲ ಎನ್ನುವುದಕ್ಕೆ ಸೊಗಸಾದ ಸಾಕ್ಷ್ಯವಿದೆ. 1623ರಲ್ಲಿ ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಇಟಲಿಯ ಪ್ರವಾಸಿ ಗೋವೆಯಿಂದ ಸಮುದ್ರದ ಮೇಲೆ ಹೊನ್ನಾವರಕ್ಕೆ ಬಂದ. ಅಲ್ಲಿಂದ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಯವರೆಗೆ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಆಗ ಆಳುತ್ತಿದ್ದವನು ವೆಂಕಟಪ್ಪ ನಾಯಕ. ಘಟ್ಟದ ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುವುದನ್ನು ಅವನು ನಿಂತು ನೋಡಿದ. ನೆಲದ ಮೇಲೆ ನುಣುಪು ಮರಳು ಹರಡಿದ್ದರು. ಒಬ್ಬ ಪಾಠವನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳಲ್ಲಿ ಬರೆದರೆ ಉಳಿದವರೂ ಅದನ್ನೇ ಹಾಡಿ ಬರೆಯುತ್ತಿದ್ದರು. ನಿಮ್ಮಲ್ಲೊಬ್ಬ ಮರೆತರೆ ತಿದ್ದುವವರು ಯಾರು ಎಂದು ಅವನು ಕೇಳಿದ. ಗುರುವೇ ಬೇಕೆಂದಿಲ್ಲ, ನಾಲ್ವರೂ ಒಂದೇ ಕಡೆ ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ ಎಂಬ ಅರ್ಥದ ಉತ್ತರ ಬಂತು. ಆ ಪ್ರವಾಸಿ ಈ ಪದ್ಧತಿಯನ್ನು ಮನಸಾರೆ ಮೆಚ್ಚಿ ಬರೆದಿದ್ದಾನೆ. ಹಡಗಿನ ತಂಡ ನಡೆಯುವುದೂ ಇದೇ ನಂಬಿಕೆಯ ಮೇಲೆ. ಇಂದು ಅಂಕಕ್ಕಾಗಿ ಒಬ್ಬರನ್ನೊಬ್ಬರು ಹಿಂದಿಕ್ಕಲು ಓಡುತ್ತಿರುವ ನಮ್ಮ ಮಕ್ಕಳಿಗೆ, ಪಕ್ಕದವನು ತಪ್ಪದಂತೆ ನೋಡಿಕೊಳ್ಳುವುದೂ ನಿನ್ನ ಪಾಠವೇ ಎಂದು ಹೇಳುವ ಜಾಗ ಬೇರೆ ಎಲ್ಲಿದೆ?

ಹಾಗೆಂದು ನಾಲ್ಕನೇ ತರಗತಿಯ ಮಗುವನ್ನು ಯಾರೂ ನೇರವಾಗಿ ದೊಡ್ಡ ಹಡಗು ಹತ್ತಿಸುವುದಿಲ್ಲ. ಅಂತರರಾಷ್ಟ್ರೀಯ ಹಾಯಿಹಡಗು ಸ್ಪರ್ಧೆಗಳು 1956ರಿಂದ ನಡೆಯುತ್ತಿವೆ. ಅಲ್ಲಿ ಹಡಗಿನ ಅರ್ಧದಷ್ಟಾದರೂ ಮಂದಿ 15ರಿಂದ 25 ವರ್ಷದವರಿರಬೇಕು. ಅದಕ್ಕಿಂತ ಚಿಕ್ಕವರಿಗೆ ಆಪ್ಟಿಮಿಸ್ಟ್ ಎಂಬ ಪುಟ್ಟ ದೋಣಿಯಿದೆ. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಮಕ್ಕಳಿಗೆಂದೇ ಅದರ ವಿನ್ಯಾಸ ಆಯಿತು. ಎರಡು ಮೀಟರಿಗೆ ತುಸು ಹೆಚ್ಚು ಉದ್ದ, ಸುಮಾರು 35 ಕೆ.ಜಿ. ತೂಕ. ಒಂದು ಹಾಯಿ, ಒಂದು ಚುಕ್ಕಾಣಿ, ನೀರಿಗಿಳಿಸುವ ಒಂದು ಹಲಗೆ, ಒಂದು ಮಗು.

ಇದರಲ್ಲಿ ಮಗು ಮೊದಲು ಕಲಿಯುವುದು ದೋಣಿ ಮಗುಚುವುದನ್ನು. ಈಜು ಬಲ್ಲ, ಲೈಫ್ ಜಾಕೆಟ್ ತೊಟ್ಟ ಮಗುವನ್ನು ದಡದ ಹತ್ತಿರ ಕೂರಿಸಿ ಬೇಕೆಂದೇ ದೋಣಿ ಉರುಳಿಸುತ್ತಾರೆ. ಮಗು ನೀರಿಗೆ ಬೀಳುತ್ತದೆ. ದೋಣಿ ಬಿಟ್ಟು ಈಜಬಾರದು, ಅದೇ ಮೊದಲ ನಿಯಮ. ಅಂಚು ಹಿಡಿದುಕೊಂಡೇ ದೋಣಿಯ ತಳದ ಕಡೆಗೆ ಬಂದು, ಅಲ್ಲಿಂದ ಹೊರಚಾಚಿದ ಹಲಗೆಗೆ ಜೋತುಬಿದ್ದು ಮೈಭಾರ ಹಾಕಬೇಕು. ನಿಧಾನಕ್ಕೆ ಹಾಯಿ ನೀರಿನಿಂದ ಏಳುತ್ತದೆ, ದೋಣಿ ನೆಟ್ಟಗಾಗುತ್ತದೆ. ಮಗು ತೆವಳಿ ಒಳಗೆ ಹತ್ತಿ ನೀರು ಮೊಗೆದು ಹೊರಚೆಲ್ಲುತ್ತದೆ. ಇದನ್ನು ಮತ್ತೆ ಮತ್ತೆ ಮಾಡಿದ ಮೇಲೆ ದೋಣಿ ಮಗುಚೀತು ಎಂಬ ಹೆದರಿಕೆ ಹೋಗಿ, ಮಗುಚಿದರೆ ಏನು ಮಾಡಬೇಕು ಎಂಬ ತಿಳಿವಳಿಕೆ ನಿಲ್ಲುತ್ತದೆ.

ಆಮೇಲೆ ಗಾಳಿ. ಹಿಂದಿನಿಂದ ಬೀಸುವ ಗಾಳಿ ದೋಣಿಯನ್ನು ಮುಂದೆ ಒಯ್ಯುವುದು ಯಾರಿಗೂ ಅರ್ಥವಾಗುತ್ತದೆ. ಎದುರು ಗಾಳಿಯಲ್ಲೂ ಮನೆಗೆ ಮರಳಬಹುದೆಂಬುದೇ ಇದರ ಗುಟ್ಟು. ಬಾಗಿದ ಹಾಯಿಯ ಎರಡೂ ಮೈಗಳ ಮೇಲೆ ಗಾಳಿ ಹರಿಯುವಾಗ ಎರಡು ಕಡೆಯ ಒತ್ತಡದಲ್ಲಿ ವ್ಯತ್ಯಾಸವಾಗಿ ಹಾಯಿಯನ್ನು ಒಂದು ಪಕ್ಕಕ್ಕೆ ಸೆಳೆಯುವ ಬಲ ಹುಟ್ಟುತ್ತದೆ. ದೋಣಿ ಪಕ್ಕಕ್ಕೆ ಜಾರದಂತೆ ನೀರೊಳಗಿನ ಹಲಗೆ ತಡೆಯುತ್ತದೆ. ಉಳಿದ ಬಲ ದೋಣಿಯನ್ನು ಮುಂದಕ್ಕೆ ಒಯ್ಯುತ್ತದೆ. ಗಾಳಿಗೆ ನೇರ ಮುಖ ಕೊಟ್ಟರೆ ಹಾಯಿ ಪಟಪಟ ಬಡಿದುಕೊಂಡು ದೋಣಿ ನಿಂತುಬಿಡುತ್ತದೆ. ಸುಮಾರು 45 ಡಿಗ್ರಿ ಓರೆಯಾಗಿ ಹೋದರೆ ಸಾಗುತ್ತದೆ. ಹೀಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆ ಹೊಡೆಯುತ್ತ ಎದುರು ಗಾಳಿಯ ಊರನ್ನೂ ಮುಟ್ಟಬಹುದು. ಎಂಟನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಬಲ ಮತ್ತು ಒತ್ತಡದ ಪಾಠವಿದೆ. ಹಾಯಿಹಗ್ಗ ಹಿಡಿದ ಮಗುವಿಗೆ ಆ ಪಾಠ ಅಂಗೈಯಲ್ಲಿ ಜಗ್ಗುತ್ತದೆ.

ಕಡಲಿಲ್ಲದ ಊರಲ್ಲಿ ಇದೆಲ್ಲ ಆಗುತ್ತದೆಯೇ ಎನ್ನುವವರು ಭೋಪಾಲವನ್ನು ನೋಡಬೇಕು. ಮಧ್ಯಪ್ರದೇಶಕ್ಕೆ ಒಂದಡಿ ಕರಾವಳಿಯೂ ಇಲ್ಲ. ಆದರೆ ಭೋಪಾಲದ ದೊಡ್ಡ ಕೆರೆಯ ದಡದಲ್ಲಿ ಹಾಯಿದೋಣಿ ಶಾಲೆಯಿದೆ. ಅಲ್ಲಿ ಕಲಿತ ದೇವಾಸ್ ಜಿಲ್ಲೆಯ ರೈತರ ಮಗಳು ನೇಹಾ ಠಾಕೂರ್ 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದಳು. ಆಗ ಅವಳಿಗೆ 17 ವರ್ಷ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಅಲ್ಲಿನ ಯಾಟ್ ಕ್ಲಬ್ ಬಡ ಕುಟುಂಬಗಳ ಮಕ್ಕಳಿಗೆ ಹಾಯಿ ಕಲಿಸುತ್ತಿದೆ. ನಮ್ಮ ಬೆಂಗಳೂರಿನಲ್ಲೇ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ತೃಷ್ಣಾ ಹಾಯಿದೋಣಿ ಕ್ಲಬ್ ಇದೆ. ಹಲಸೂರು ಕೆರೆಯಲ್ಲಿ ಸಾಧ್ಯವಾದದ್ದು 151 ಟಿಎಂಸಿ ಅಡಿಗೂ ಮಿಕ್ಕಿ ನೀರು ಹಿಡಿಯುವ ಲಿಂಗನಮಕ್ಕಿಯಲ್ಲಿ ಸಾಧ್ಯವಿಲ್ಲವೇ?

ನಮ್ಮಲ್ಲಿನ ಹಿಂಜರಿಕೆಗೆ ಕಾರಣ ಬೇರೆಯೇ ಇದೆ, ಅದನ್ನು ಗೌರವದಿಂದಲೇ ನೋಡಬೇಕು. ಮೂರು ತಾಲ್ಲೂಕುಗಳ ಮನೆಮನೆಯಲ್ಲೂ ‘ಮುಳುಗಡೆ’ ಎಂಬ ಮಾತು ಇನ್ನೂ ನೋಯುತ್ತದೆ. 1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡಾಗ ಮನೆ, ಗದ್ದೆ, ತೋಟ, ದೇವಸ್ಥಾನ ಎಲ್ಲ ಬಿಟ್ಟು ಎದ್ದುಬಂದವರ ಮಕ್ಕಳು, ಮೊಮ್ಮಕ್ಕಳು ನಾವು. ಅಜ್ಜಿಯರಿಗೆ ಆ ನೀರು ಎಂದರೆ ತವರುಮನೆ ನುಂಗಿದ ನೀರು. ಮಾಣಿ, ಚಕ್ರಾ, ಸಾವೇಹಕ್ಲು ಅಣೆಕಟ್ಟುಗಳಿಂದ ಹೊಸನಗರದವರೂ ಅದೇ ನೋವು ಉಂಡಿದ್ದಾರೆ. ಅಂಥ ಮನೆಯಲ್ಲಿ ನೀರಿನ ಹತ್ತಿರ ಹೋಗಬೇಡ ಎನ್ನುವುದೇ ಮಕ್ಕಳಿಗೆ ಹೇಳುವ ಮೊದಲ ಬುದ್ಧಿಮಾತು.

ಆದರೆ ಆ ಮಾತು ಮಗುವನ್ನು ಕಾಪಾಡುವುದಿಲ್ಲ. ಮಗು ಹೋಗಿಯೇ ಹೋಗುತ್ತದೆ, ಕದ್ದು ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. 5ರಿಂದ 14 ವರ್ಷದ ಮಕ್ಕಳ ಸಾವಿನ ಕಾರಣಗಳಲ್ಲಿ ಇದಕ್ಕೆ ಮೂರನೇ ಸ್ಥಾನ. ಆರು ವರ್ಷ ದಾಟಿದ ಶಾಲಾ ಮಕ್ಕಳಿಗೆ ಈಜು, ನೀರಿನ ಎಚ್ಚರ, ಮುಳುಗುವವರನ್ನು ತಾನು ಮುಳುಗದೆ ಕಾಪಾಡುವ ಬಗೆ ಕಲಿಸಿ ಎಂದು ಅದೇ ಸಂಸ್ಥೆ ಹೇಳುತ್ತದೆ. ಹಿಂದೆ ನಮ್ಮ ಹಿರಿಯರು ಸೋರೆಬುರುಡೆಯನ್ನೋ ಬಾಳೆದಿಂಡನ್ನೋ ಕಟ್ಟಿ ಮಕ್ಕಳನ್ನು ಹೊಳೆಗಿಳಿಸಿ ಈಜು ಕಲಿಸುತ್ತಿದ್ದರು. ಆ ಪದ್ಧತಿ ಹೋಯಿತು, ಅದರ ಜಾಗಕ್ಕೆ ಇನ್ನೊಂದು ಬರಲಿಲ್ಲ. ಕಳೆದುಕೊಂಡ ನೆಲದ ಮೇಲೆ ನಿಂತಿರುವ ನೀರಿನಲ್ಲಿ ನಮ್ಮ ಮಕ್ಕಳು ಜೀವ ಕಳೆದುಕೊಳ್ಳದೆ, ಧೈರ್ಯವಾಗಿ ಓಡಾಡುವಂತಾಗುವುದು ಮುಳುಗಡೆಯ ಕುಟುಂಬಗಳಿಗೆ ಸಲ್ಲಬೇಕಾದ ನ್ಯಾಯದ ಒಂದು ಭಾಗ ಎಂದೇ ನಾನು ನಂಬಿದ್ದೇನೆ.

ದಾರಿ ತೀರಾ ಹೊಸದಾಗಿ ಕಡಿಯಬೇಕಿಲ್ಲ. ಸಾಗರ ತಾಲ್ಲೂಕಿನ ಹೊನ್ನೇಮರಡುವಿನಲ್ಲಿ ದಶಕಗಳಿಂದ ಜಲಸಾಹಸ ತರಬೇತಿ ನಡೆದುಬಂದಿದೆ. ಹರಿಗೋಲು, ಸಣ್ಣ ದೋಣಿ, ಲೈಫ್ ಜಾಕೆಟ್ ತೊಟ್ಟು ನೀರಿಗಿಳಿಯುವ ಶಿಸ್ತು ಅಲ್ಲಿದೆ. ಮಂಗಳೂರಿನ ನೌಕಾ ಎನ್‌ಸಿಸಿಯ ಹುಡುಗ ಹುಡುಗಿಯರು ದೋಣಿ ನಡೆಸುವುದನ್ನು ಕಲಿಯುತ್ತಾರೆ. ಅಂಥದೊಂದು ಘಟಕ ಘಟ್ಟದ ಮೇಲೂ ಬರಬಹುದು. ಲಾಂಚ್ ನಡೆಸಿದ ಸಿಬ್ಬಂದಿಗೆ ಈ ಹಿನ್ನೀರಿನ ಗಾಳಿ, ಆಳ, ಸೆಳವು ಎಲ್ಲ ಅಂಗೈ ಗೆರೆಯಷ್ಟೇ ಪರಿಚಿತ. ನೀರು ಇಳಿದಾಗ ತಲೆ ಎತ್ತುವ, ಏರಿದಾಗ ಅಡಗುವ ಮುಳುಗಡೆ ಮರಗಳ ಬೊಡ್ಡೆಗಳು ಎಲ್ಲೆಲ್ಲಿವೆ ಎಂದು ಅವರು ಬಲ್ಲರು. ದೋಣಿಶಾಲೆಗೆ ಬೇಕಾದ ಮೊದಲ ನಕ್ಷೆ ಅವರ ತಲೆಯಲ್ಲೇ ಇದೆ. ಅವರು ಬೇರೆ ಕಡೆ ಚದುರಿಹೋಗುವ ಮೊದಲು ಅದನ್ನು ಕಾಗದಕ್ಕಿಳಿಸಬೇಕು, ಅವರನ್ನೇ ಗುರುಗಳನ್ನಾಗಿ ಕೂರಿಸಬೇಕು.

ಜಲಾಶಯ ವಿದ್ಯುತ್ ನಿಗಮದ್ದು, ಸುತ್ತಲಿನ ಕಾಡು ಅರಣ್ಯ ಇಲಾಖೆಯದು. ಅನುಮತಿ ಬೇಕು, ಸರಿ. ಹಾಯಿಗೆ ಎಂಜಿನ್ ಇಲ್ಲ, ಎಣ್ಣೆ ಸೋರುವುದಿಲ್ಲ, ಸದ್ದಿಲ್ಲ. ಸಿಂಗಳೀಕಗಳ ಕಾಡಿನ ಪಕ್ಕದಲ್ಲಿ ನಡೆಸಬಹುದಾದ ಜಲಕ್ರೀಡೆ ಯಾವುದಾದರೂ ಇದ್ದರೆ ಅದು ಇದೇ. ಮೋಟಾರ್ ಬೋಟ್ ಪ್ರವಾಸೋದ್ಯಮಕ್ಕೆ ಅರ್ಜಿ ಹಿಡಿದು ಓಡಾಡುವವರು ಬಹಳ. ಮಕ್ಕಳ ಪರವಾಗಿ ಅರ್ಜಿ ಹಾಕುವವರು ಬೇಕಾಗಿದ್ದಾರೆ. ಪಂಚಾಯಿತಿಗಳು, ಶಾಲಾಭಿವೃದ್ಧಿ ಸಮಿತಿಗಳು, ಅಡಿಕೆ ಬೆಳೆಗಾರರ ಸಹಕಾರ ಸಂಘಗಳು ಈ ಕೆಲಸ ಮಾಡಬಹುದು.

ಸುರುವಿಗೆ ದೊಡ್ಡದೇನೂ ಬೇಡ. ತೀರ್ಥಹಳ್ಳಿಯ ಮಕ್ಕಳು ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ತುಂಗೆಯ ತೆಪ್ಪೋತ್ಸವವನ್ನು ದಡದಲ್ಲಿ ನಿಂತು ನೋಡಿ ಬೆಳೆಯುತ್ತಾರೆ, ಹೊಸನಗರದವರು ಹಿನ್ನೀರನ್ನು ದೂರದಿಂದ ನೋಡಿ ಬೆಳೆಯುತ್ತಾರೆ. ಮೂರೂ ತಾಲ್ಲೂಕುಗಳಿಂದ ಆರಿಸಿದ ಸರ್ಕಾರಿ ಶಾಲೆಗಳ ಐದನೇ ತರಗತಿಯ ಮಕ್ಕಳಿಗೆ ಮೊದಲ ವರ್ಷ ಈಜು ಮತ್ತು ಗಂಟು. ಎರಡನೇ ವರ್ಷ ಹರಿಗೋಲು ಮತ್ತು ಹುಟ್ಟು. ಮೂರನೇ ವರ್ಷ ಪುಟ್ಟ ದೋಣಿ ಮತ್ತು ಹಾಯಿ. ಮಳೆಗಾಲದ ಬಿರುಗಾಳಿಯಲ್ಲಿ ತರಗತಿಯೊಳಗೆ ಪಾಠ, ಮಳೆ ನಿಂತು ಹಿನ್ನೀರು ತುಂಬಿರುವ ತಿಂಗಳುಗಳಲ್ಲಿ ನೀರಿನ ಮೇಲೆ ಪಾಠ. ಹತ್ತನೇ ತರಗತಿ ಮುಗಿಸುವಾಗ ಅವರಲ್ಲಿ ಆಸೆ ಇರುವವರನ್ನು ಕಾರವಾರಕ್ಕೋ ಕೊಚ್ಚಿಗೋ ಕರೆದೊಯ್ದು ನಿಜವಾದ ಹಾಯಿಹಡಗು ಹತ್ತಿಸಿ ತೋರಿಸಬೇಕು. ಅವರಲ್ಲಿ ಎಷ್ಟು ಮಂದಿ ನಾವಿಕರಾಗುತ್ತಾರೆ ಎಂಬುದು ಮುಖ್ಯವಲ್ಲ. ಎಲ್ಲರೂ ಈಜು ಬಲ್ಲವರಾಗುತ್ತಾರೆ, ಗಾಳಿ ಓದಬಲ್ಲವರಾಗುತ್ತಾರೆ, ಪಕ್ಕದವರ ಜೀವಕ್ಕೆ ಹೊಣೆ ಹೊರಬಲ್ಲವರಾಗುತ್ತಾರೆ. ಸೇತುವೆಗಾಗಿ ಇಷ್ಟು ವರ್ಷ ಬಿಡದೆ ಕೇಳಿದ ಜನ ನಾವು. ಅದರ ಅರ್ಧದಷ್ಟು ಹಟ ಹಿಡಿದು ಮುಂದಿನ ಗ್ರಾಮಸಭೆಯಲ್ಲಿ ಈ ಶಾಲೆಯನ್ನು ಕೇಳೋಣ.